ಬಿದ್ದ ಕಲ್ಲು ಯಾರದು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ನಮಗೆ ಬಂಕಾಪುರವೆಂದರೆ ನವಿಲು. ಅಲ್ಲಿನ ಹಳೆಯ ಕೋಟೆಯ ಆವರಣ 2006ರಲ್ಲಿ ನವಿಲುಧಾಮವಾಯಿತು. ಮಕ್ಕಳನ್ನು ಕರೆದೊಯ್ಯುತ್ತೇವೆ, ಉರುಳಿದ ಕಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚುತ್ತೇವೆ. ಆ ಕಲ್ಲು ಎಲ್ಲಿಂದ ಉರುಳಿತೆಂದು ಕೇಳುವುದಿಲ್ಲ.

ಜಪಾನಿನ ಕುಮಾಮೊಟೊ ಕೋಟೆಯನ್ನು ಕಟ್ಟಿ ಮುಗಿಸಿದ್ದು 1607ರಲ್ಲಿ. 2016ರ ಏಪ್ರಿಲ್ 14 ಮತ್ತು 16ರಂದು ಭೂಮಿ ನಡುಗಿ ಅದರ ಕಲ್ಲುಗೋಡೆಗಳು ಕುಸಿದವು, ಗೋಪುರದ ಹೆಂಚುಗಳು ಉದುರಿದವು. ಅಲ್ಲಿಯವರು ಬಿದ್ದ ಒಂದೊಂದು ಕಲ್ಲಿಗೂ ನಂಬರು ಹಾಕಿದರು. ಹಳೆಯ ಫೋಟೋಗಳಿಗೆ ಹೋಲಿಸಿ ಅದರ ಜಾಗ ಹುಡುಕಿದರು. ಮುಖ್ಯ ಗೋಪುರ 2021ರಲ್ಲಿ ಜನರಿಗೆ ತೆರೆಯಿತು. ಪೂರ್ತಿ ಕೆಲಸಕ್ಕೆ ಹಾಕಿಕೊಂಡಿರುವ ಗಡುವು 2052. ಅಂದರೆ ಈಗ ಕಲ್ಲು ಜೋಡಿಸುವ ಎಷ್ಟೋ ಕೈಗಳು ಮುಗಿದ ಕೋಟೆಯನ್ನು ನೋಡಲಾರವು.

ಮನೆ ಕಳೆದುಕೊಂಡವರಿರುವಾಗ ಕೋಟೆಗೆ ದುಡ್ಡು ಸುರಿಯಬೇಕೇ? ಈ ಪ್ರಶ್ನೆ ನ್ಯಾಯವಾದದ್ದು. 2019ರ ಆಗಸ್ಟ್ ಮಳೆಗೆ ನಮ್ಮ ಜಿಲ್ಲೆಯಲ್ಲೂ ಮಣ್ಣಿನ ಮನೆಗಳು ಕುಸಿದವು. ಮೊದಲು ಸೂರು, ಆಮೇಲೆ ಕೋಟೆ. ಇದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಲ್ಲಿ ಆ 'ಆಮೇಲೆ' ಬರುವುದೇ ಇಲ್ಲ.

ಬಂಕಾಪುರವನ್ನು ಕೆಡವಲು ಭೂಕಂಪ ಬೇಕಾಗಲಿಲ್ಲ. ಮುತ್ತಿಗೆ, ಮಳೆ, ಮರದ ಬೇರು, ನಮ್ಮ ಅಲಕ್ಷ್ಯ ಸಾಕಾದವು. ರಾಷ್ಟ್ರಕೂಟರ ದಂಡನಾಯಕ ಬಂಕೆಯನ ಹೆಸರಿನ ಊರದು. ಕಲ್ಯಾಣ ಚಾಲುಕ್ಯರ ಕಾಲದ ನಗರೇಶ್ವರ ಗುಡಿಯ ಕಂಬಗಳು ಇಂದಿಗೂ ನಿಂತಿವೆ. ಮುಂದೆ ಆದಿಲಶಾಹಿಗಳು, ಸವಣೂರಿನ ನವಾಬರು ಅಲ್ಲಿ ಆಳಿದರು. ನಿಂತ ಗೋಡೆಯನ್ನು ತೋರಿಸಿ ಇದು ನಮ್ಮವರದು, ಅದು ನಿಮ್ಮವರದು ಎಂದು ವಾದಿಸಲು ನಮಗೆ ಬೇಕಾದಷ್ಟು ಹೊತ್ತಿದೆ. ಗೋಡೆ ಬಿದ್ದ ಮೇಲೆ ಆ ಕಲ್ಲನ್ನು ನಮ್ಮದೆನ್ನಲು ಯಾರೂ ಮುಂದೆ ಬರುವುದಿಲ್ಲ.

ಉರ್ದುವಿನಲ್ಲಿ 'ಅಮಾನತ್' ಎಂಬ ಮಾತಿದೆ: ಒಬ್ಬರು ನಂಬಿ ನಮ್ಮ ಬಳಿ ಇಟ್ಟುಹೋದ ಒಡವೆ. ಇಟ್ಟವರು ಸತ್ತರೂ ಕಾಯುವವರ ಹೊಣೆ ತೀರದು. ಅದನ್ನು ಇಟ್ಟವರ ಜಾತಿ ಯಾವುದು, ಧರ್ಮ ಯಾವುದು ಎಂದು ಕೇಳುವ ಹಕ್ಕು ಕಾಯುವವರಿಗಿಲ್ಲ.

ಇದನ್ನು ಬರೆಯುವಾಗ ನಮಗೆ ನಮ್ಮ ಹಿತ್ತಲು ನೆನಪಾಗುತ್ತದೆ. ಅಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಅದರ ಕೆಳಮೈಯಲ್ಲಿ ಹೂಬಳ್ಳಿಯ ಕೆತ್ತನೆ. ಚಿಕ್ಕಂದಿನಲ್ಲಿ ಕೇಳಿದಾಗ ದಾದಾ, "ಹಾಳುಬಿದ್ದಿತ್ತು, ತಂದ್ವಿ" ಎಂದಿದ್ದರು. ಎಲ್ಲಿ ಬಿದ್ದಿತ್ತೆಂದು ನಾವು ಕೇಳಲಿಲ್ಲ. ಈಗ ಹಿಂದಿರುಗಿಸೋಣವೆಂದರೆ ಅದರ ಜಾಗ ಗೊತ್ತಿದ್ದವರು ಉಳಿದಿಲ್ಲ. ಆ ಕಲ್ಲಿಗೆ ಯಾರೂ ನಂಬರು ಹಾಕಿರಲಿಲ್ಲ.