ಮಕ್ಕಳ ರಕ್ಷಣೆ: ಆವರಣ ಮತ್ತು ಆಚಾರ

ವೀರಶೈವ ಸಂಪ್ರದಾಯದಲ್ಲಿ ಮಗುವಿನ ರಕ್ಷಣೆಯು ಅದು ಹುಟ್ಟುವುದಕ್ಕೂ ಮುನ್ನವೇ ಆರಂಭವಾಗುತ್ತದೆ. ಗರ್ಭಕ್ಕೆ ಎಂಟನೆಯ ತಿಂಗಳಾದಾಗ ಗುರುವು ಶಿಶುವಿನ ಸಲುವಾಗಿ ಲಿಂಗವನ್ನು ಅನುಗ್ರಹಿಸಿ ತಾಯಿಯ ವಶಕ್ಕೆ ಕೊಡುವುದೂ, ಹುಟ್ಟಿದ ಬಳಿಕ ಅದನ್ನು ಮಗುವಿಗೆ ಧಾರಣ ಮಾಡಿಸುವುದೂ ಹಿಂದಿನಿಂದ ನಡೆದುಬಂದ ಆಚರಣೆಗಳು. ಮಗುವು ಬೆಳೆದು ತಿಳಿವಳಿಕೆ ಮೂಡಿದಾಗ ಅದಕ್ಕೆ ದೀಕ್ಷೆಯಾಗುವುದು. ಅಲ್ಲಿಯವರೆಗೆ ಹಿರಿಯರು ಕಾಪಾಡಿದ ಲಿಂಗವನ್ನು ಅದು ತನ್ನ ಕರಸ್ಥಲದಲ್ಲಿಟ್ಟು ತಾನೇ ಪೂಜಿಸತೊಡಗುವುದು. ಮೊದಲು ಹೊರಗಿನ ಕಾಪು, ಅನಂತರ ಒಳಗಿನ ಅರಿವು. ಈ ಕ್ರಮದಲ್ಲಿ ಮಕ್ಕಳನ್ನು ಬೆಳೆಸುವ ಒಂದು ತತ್ತ್ವವೇ ಅಡಗಿದೆ.

ಇಂದಿನ ಮಗುವಿನ ಅಂಗೈಗೆ ದೀಕ್ಷೆಗಿಂತ ಮೊದಲೇ ಬಂದು ಸೇರುವ ವಸ್ತು ಇನ್ನೊಂದಿದೆ. ಅದು ಮೊಬೈಲು. 2020ರಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿದಾಗ, ಅದುವರೆಗೆ ಅದನ್ನು ಮುಟ್ಟಗೊಡದ ಮನೆಗಳವರೂ ಪಾಠಕ್ಕೆಂದು ಮಕ್ಕಳ ಕೈಗೆ ಕೊಡಬೇಕಾಯಿತು. ಶಾಲೆಗಳು ತೆರೆದವು, ಮೊಬೈಲು ಮಾತ್ರ ಅನೇಕ ಮಕ್ಕಳ ಕೈಯಲ್ಲಿಯೇ ಉಳಿಯಿತು. ಕರಸ್ಥಲದ ಲಿಂಗದಲ್ಲಿ ನೆಟ್ಟ ದೃಷ್ಟಿಯು ಒಳಮುಖವಾಗಿ ಹರಿಯುವುದು. ಮೊಬೈಲಿನಲ್ಲಿ ನೆಟ್ಟ ದೃಷ್ಟಿಯು ಹೊರಗೆ, ಇನ್ನೂ ಹೊರಗೆ ಸೆಳೆಯಲ್ಪಡುವುದು. ಒಂದು ಚಿತ್ರ ಮುಗಿಯುವ ಮುನ್ನವೇ ಮತ್ತೊಂದು ತಾನಾಗಿ ತೆರೆದುಕೊಳ್ಳುವಂತೆ ಅದರ ರಚನೆಯಿರುವಾಗ, ಸಾಕೆಂಬ ಮಾತನ್ನು ಎಳೆಯ ಮಗುವು ಕಲಿಯುವುದಾದರೂ ಎಲ್ಲಿಂದ? ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಸೂಚನೆಯಂತೆ, ಒಂದು ವರ್ಷ ತುಂಬದ ಶಿಶುವಿಗೆ ಪರದೆಯ ನೋಟವೇ ಸಲ್ಲದು. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಯನ್ನು ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಲೇಸು.

ಕಾಲಹರಣಕ್ಕಿಂತ ಘೋರವಾದ ಅಪಾಯವೂ ಉಂಟು. ಮಕ್ಕಳ ಆಟಗಳೆಂದು ಹೆಸರಾದ ಎಷ್ಟೋ ಆಟಗಳಲ್ಲಿ ಅಪರಿಚಿತರೊಡನೆ ಮಾತನಾಡುವ ದಾರಿಯಿರುತ್ತದೆ. ಅಲ್ಲಿ ವಯಸ್ಕನೊಬ್ಬನು ತಾನೂ ಬಾಲಕನೆಂದು ಹೇಳಿಕೊಂಡು ಸ್ನೇಹ ಬೆಳೆಸುವನು, ಆಟದ ನಾಣ್ಯಗಳನ್ನು ಉಡುಗೊರೆಯಾಗಿ ಕಳುಹಿಸುವನು, ಇನ್ನಾರೂ ಕಾಣದ ಗುಪ್ತ ಸಂಭಾಷಣೆಗೆ ಕರೆಯುವನು, ಮನೆಯವರಿಗೆ ತಿಳಿಸಬೇಡವೆನ್ನುವನು, ಕಡೆಗೆ ಭಾವಚಿತ್ರವನ್ನು ಬೇಡಿ, ಅದು ಕೈಗೆ ಬಂದೊಡನೆ ಬೆದರಿಸತೊಡಗುವನು. ಇಂತಹ ವಂಚನೆಯಲ್ಲಿ ವಂಚಕನ ಬಲವಿರುವುದು ಗುಟ್ಟಿನಲ್ಲಿ. ಮಗುವು ಮನೆಯಲ್ಲಿ ಬಾಯಿಬಿಟ್ಟ ಗಳಿಗೆಯಿಂದ ಅವನ ಬಲ ಕುಗ್ಗತೊಡಗುತ್ತದೆ.

ಹಾಗಾದರೆ ತಾಯಿತಂದೆಗಳು ಮಾಡತಕ್ಕುದೇನು? ಕಾವಲು ಬಿಗಿ ಮಾಡಿದರೆ ಸಾಕೇ? ಶರಣಧರ್ಮವು ಅಷ್ಟಾವರಣವನ್ನು ಅಂಗವೆಂದೂ ಪಂಚಾಚಾರವನ್ನು ಪ್ರಾಣವೆಂದೂ ಎಣಿಸಿದೆ. ಆವರಣವು ಭಕ್ತನನ್ನು ಸುತ್ತಿ ಕಾಯುವ ಕವಚ; ಆಚಾರವು ಆ ಕವಚದೊಳಗಿನ ಜೀವ. ಪ್ರಾಣವಿಲ್ಲದ ಅಂಗವು ಶವ. ಅಂಗವಿಲ್ಲದ ಪ್ರಾಣಕ್ಕೆ ನಿಲ್ಲಲು ನೆಲೆಯಿಲ್ಲ. ಮಕ್ಕಳ ರಕ್ಷಣೆಗೂ ಈ ವಿವೇಕವು ಅನ್ವಯಿಸುತ್ತದೆ.

ಮೊದಲು ಆವರಣದ ಮಾತು. ಎಳೆಯ ಮಗುವಿನ ಕೈಗೆ ಅದರದೇ ಆದ ಮೊಬೈಲನ್ನು ಕೊಡದೆ ಮನೆಯ ಮೊಬೈಲನ್ನೇ ಕೊಡುವುದು. ಅದನ್ನು ಮಲಗುವ ಕೋಣೆಗೆ ಒಯ್ಯದೆ ನಡುಮನೆಯಲ್ಲಿ, ಹಿರಿಯರ ಕಣ್ಣೆದುರಿನಲ್ಲಿ ಬಳಸುವುದು. ಆಟಗಳಲ್ಲಿ ಅಪರಿಚಿತರ ಮಾತನ್ನು ತಡೆಯುವ ಏರ್ಪಾಡನ್ನು ಹಿರಿಯರೇ ಹುಡುಕಿ ಸ್ಥಿರಪಡಿಸುವುದು. ತಾನಾಗಿ ಮುಂದುವರಿಯುವ ಚಿತ್ರಸರಣಿಯನ್ನು ನಿಲ್ಲಿಸಿಡುವುದು. ಹೆಸರು, ಊರು, ಶಾಲೆ, ಗುಪ್ತಪದಗಳನ್ನು ಯಾರಿಗೂ ಹೇಳಬಾರದೆಂದು ಕಲಿಸುವುದು. ಇವು ಎಲ್ಲ ಮನೆಗಳಿಗೂ ಸಾಧ್ಯವಾದ ಕಾರ್ಯಗಳು. ಇವುಗಳನ್ನು ಮಾಡದೆ ದೈವದ ಮೇಲೆ ಭಾರ ಹಾಕುವುದು ಭಕ್ತಿಯೆನಿಸದು, ಆಲಸ್ಯವೆನಿಸುವುದು.

ಆದರೆ ಇಷ್ಟನ್ನೂ ಮಾಡಿದ ಮನೆಯಲ್ಲಿ ಆಚಾರವು ಕೆಟ್ಟಿದ್ದರೆ ಫಲವಿಲ್ಲ. ಒಂದು ನಿದರ್ಶನವನ್ನು ನೋಡಬಹುದು. ಅನೇಕ ಜಾಲತಾಣಗಳು 13 ವರ್ಷ ತುಂಬದವರಿಗೆ ಪ್ರವೇಶವಿಲ್ಲವೆಂದು ಹೇಳುತ್ತವೆ. ಅಮೆರಿಕಾ ದೇಶದಲ್ಲಿ ಮಕ್ಕಳ ಮಾಹಿತಿಯ ರಕ್ಷಣೆಗೆಂದು 1998ರಲ್ಲಿ ಆದ ಶಾಸನದಿಂದ ಬಂದ ಎಲ್ಲೆಯಿದು. ಒಂಬತ್ತು ವರ್ಷದ ಮಗುವು ಹಟ ಹಿಡಿದಾಗ, ಅದರ ಜನ್ಮವರ್ಷವನ್ನು ತಿದ್ದಿ ಬಾಗಿಲು ತೆರೆದು ಕೊಡುವ ತಂದೆಯಿದ್ದಾನೆ. ಅವನ ದೃಷ್ಟಿಯಲ್ಲಿ ಅದು ಅಲ್ಪವಾದ ಅನುಕೂಲ. ಮಗುವಿನ ದೃಷ್ಟಿಯಲ್ಲಿ ಅದು ಪ್ರಥಮ ಪಾಠ: ಈ ಲೋಕವನ್ನು ಪ್ರವೇಶಿಸಲು ಸುಳ್ಳೇ ಕೀಲಿಕೈ, ಅದನ್ನು ಕೊಟ್ಟವನು ತಂದೆ. ನಾಳೆ ಅಪರಿಚಿತನೊಬ್ಬನು ತನ್ನ ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳಿದರೆ ಅದನ್ನು ತಪ್ಪೆಂದು ಮಗುವಿಗೆ ಯಾವ ಬಾಯಿಂದ ಹೇಳುವುದು? ಸತ್ಯವನ್ನು ನುಡಿಯುವಲ್ಲಿಯೇ ದೇವಲೋಕವನ್ನು ಕಂಡ ಬಸವಣ್ಣನವರ ಬೋಧೆಯು ಮನೆಯ ಇಂತಹ ಸಣ್ಣ ಗಳಿಗೆಗಳಲ್ಲಿಯೇ ಪರೀಕ್ಷೆಗೆ ಒಳಗಾಗುವುದು.

2023ರಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ಮಾಹಿತಿ ರಕ್ಷಣೆಯ ಅಧಿನಿಯಮವು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಯ ಬಳಕೆಗೆ ತಾಯಿತಂದೆಗಳ ಸಮ್ಮತಿಯನ್ನು ವಿಧಿಸಿದೆ. ಶಾಸನವು ಸಮ್ಮತಿಯನ್ನು ಕೇಳಬಲ್ಲುದೇ ಹೊರತು, ಸಮ್ಮತಿಸುವವರಲ್ಲಿ ವಿವೇಕವನ್ನು ತುಂಬಲಾರದು. ಓದದೆಯೇ ಒಪ್ಪಿಗೆಯನ್ನು ಒತ್ತುವ ಬೆರಳು ಆ ರಕ್ಷಣೆಯನ್ನು ನಿಷ್ಫಲಗೊಳಿಸುತ್ತದೆ. ಹಾಗೆಯೇ ಮಗುವಿನ ಸ್ನಾನದ ಚಿತ್ರ, ಅಳುವಿನ ಚಿತ್ರಗಳನ್ನು ಹತ್ತಾರು ಜನರ ಮೆಚ್ಚುಗೆಗಾಗಿ ಜಾಲಕ್ಕೆ ಏರಿಸುವ ತಾಯಿತಂದೆಗಳೂ ವಿಚಾರ ಮಾಡಬೇಕಾಗಿದೆ. ಶರೀರವನ್ನೇ ದೇವಾಲಯವೆಂದು ಕಂಡ ಧರ್ಮದಲ್ಲಿ ಮಗುವಿನ ಶರೀರವು ಹೆತ್ತವರ ಪ್ರದರ್ಶನದ ಒಡವೆಯಾಗಲಾರದು. ಒಮ್ಮೆ ಹೊರಗೆ ಹೋದ ಚಿತ್ರವನ್ನು ಪೂರ್ಣವಾಗಿ ಹಿಂದಕ್ಕೆ ತರುವುದು ದುಸ್ಸಾಧ್ಯ. ಮಗುವು ತಾಯಿತಂದೆಗಳ ಸೊತ್ತಲ್ಲ. ಅವರ ವಶದಲ್ಲಿ ಇರಿಸಲಾದ ಪ್ರಸಾದ.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಮಗುವು ಮೋಸಹೋದರೆ ಹೆತ್ತವರು ಹೇಗೆ ನಡೆದುಕೊಳ್ಳಬೇಕು? ಬೈಗುಳು, ಏಟು, ಮೊಬೈಲನ್ನು ಕಿತ್ತುಕೊಳ್ಳುವುದು, ಮನೆತನದ ಮಾನ ಹೋಯಿತೆಂಬ ಗೋಳಾಟ, ಇವು ಮೊದಲ ಗಳಿಗೆಯಲ್ಲಿ ಸಹಜವಾಗಿ ಬರುವಂಥವು. ಆದರೆ ಮಗುವು ಗುಟ್ಟನ್ನು ಬಚ್ಚಿಡುವುದು ಇವುಗಳಿಗೆ ಹೆದರಿಯೇ. ವಂಚಕನಿಗಿಂತ ತಂದೆಗೆ ಹೆಚ್ಚು ಅಂಜುವ ಮಗುವು ವಂಚಕನ ಕೈಯಲ್ಲಿಯೇ ಉಳಿಯುವುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭವ ಮಂಟಪವು ಹಿರಿದೆನಿಸಿದುದು, ಅಲ್ಲಿ ಕಿರಿಯರೂ ಸ್ತ್ರೀಯರೂ ನಾನಾ ಕಾಯಕದವರೂ ಅಳುಕಿಲ್ಲದೆ ತಮ್ಮ ಮನಸ್ಸನ್ನು ಬಿಚ್ಚಿಡಬಹುದಾಗಿದ್ದುದರಿಂದ. ದಿನಕ್ಕೊಮ್ಮೆ, ಉಂಡೆದ್ದ ಬಳಿಕ ಹತ್ತು ನಿಮಿಷವಾದರೂ, ಮಗುವು ಆ ದಿನ ಕಂಡುದನ್ನೂ ಕೇಳಿದುದನ್ನೂ ಹೆದರದೆ ಹೇಳುವ ಅವಕಾಶವಿದ್ದರೆ ಆ ಮನೆಯೂ ಸಣ್ಣದೊಂದು ಅನುಭವ ಮಂಟಪವೇ ಸರಿ. ತಪ್ಪನ್ನು ಒಪ್ಪಿಕೊಂಡು ಬಂದ ಮಗುವಿಗೆ ಮೊದಲು ಅಭಯ, ಆಮೇಲೆ ಬೋಧೆ. ದಯೆಯನ್ನು ಧರ್ಮದ ಮೂಲವಾಗಿ ಎಣಿಸಿದವರಿಗೆ ಈ ಕ್ರಮವು ಹೊಸದಾಗದು.

ದಯೆಯೆಂದರೆ ಅಪರಾಧಿಯನ್ನು ಬಿಟ್ಟುಬಿಡುವುದೆಂದು ಅರ್ಥವಲ್ಲ. ಪಂಚಾಚಾರಗಳಲ್ಲಿ ಭೃತ್ಯಾಚಾರದ ವಿನಯದ ಜೊತೆಗೆ ಗಣಾಚಾರದ ಧೈರ್ಯವೂ ಉಂಟು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸಲು 2012ರಲ್ಲಿ ಆದ ಪೋಕ್ಸೋ ಕಾಯಿದೆಯು, ಅಪರಾಧವನ್ನು ಬಲ್ಲವರು ಅದನ್ನು ಪೊಲೀಸರಿಗೆ ತಿಳಿಸುವುದನ್ನು ಕರ್ತವ್ಯವಾಗಿಸಿದೆ. ಮಗುವಿನ ಗುರುತನ್ನು ಪತ್ರಿಕೆಗಳು ಹೊರಗೆಡಹದಂತೆಯೂ ತಡೆದಿದೆ. 1098 ಎಂಬ ಮಕ್ಕಳ ಸಹಾಯವಾಣಿಗೆ ಹಗಲಿರುಳೂ ಶುಲ್ಕವಿಲ್ಲದೆ ಕರೆಮಾಡಬಹುದು. ಬೆದರಿಕೆಯ ಸಂದೇಶಗಳನ್ನು ಅಳಿಸದೆ ಸಾಕ್ಷ್ಯವಾಗಿ ಉಳಿಸಿ, ಬೇಡಿದ ಹಣವನ್ನು ಕೊಡದೆ, ದೂರು ಸಲ್ಲಿಸುವುದೇ ಇಲ್ಲಿ ಗಣಾಚಾರ. ಮಾನಕ್ಕೆ ಅಂಜಿ ಮೌನ ತಾಳಿದರೆ ಆ ದುಷ್ಟನು ಇನ್ನೊಂದು ಮನೆಯ ಮಗುವನ್ನು ಅರಸಿ ಹೋಗುವನು.

ಮಗುವು ಬೆಳೆದಂತೆ ಕಾವಲಿನ ರೂಪವೂ ಬದಲಾಗತಕ್ಕುದು. ಐದರ ಮಗುವಿನೊಡನೆ ಕುಳಿತು ನೋಡುವುದು ಯುಕ್ತ. ಹದಿನೈದರ ಮಗನ ಸಂದೇಶಗಳನ್ನು ಅವನು ಮಲಗಿದಾಗ ಕದ್ದು ಓದುವುದು ಯುಕ್ತವೇ? ನೋಡಲೇಬೇಕಾದ ಸಂದರ್ಭವಿದ್ದರೆ ಅವನಿಗೆ ತಿಳಿಸಿಯೇ ನೋಡಬೇಕು. ಕಳ್ಳಗಣ್ಣಿನ ಕಾವಲು ಕಳ್ಳತನವನ್ನೇ ಕಲಿಸುವುದು. ಹಿರಿಯರು ತಮ್ಮ ಕೈಯ ಮೊಬೈಲನ್ನು ಊಟದ ವೇಳೆಗೂ ಪೂಜೆಯ ವೇಳೆಗೂ ಕೆಳಗಿಡಬಲ್ಲವರಾದರೆ, ಮಕ್ಕಳಿಗೆ ಹೇಳಬೇಕಾದ ಅರ್ಧ ಮಾತು ಹೇಳದೆಯೇ ಮುಗಿಯುತ್ತದೆ.

ಯಾವ ತಾಯಿಯೂ ಮಗುವಿನ ಹಿಂದೆ ಬಾಳಿನುದ್ದಕ್ಕೂ ನಿಲ್ಲಲಾರಳು. ಅವಳು ಇಲ್ಲದ ಗಳಿಗೆಯಲ್ಲಿ, ಯಾರೂ ಕಾಣದ ಕೋಣೆಯಲ್ಲಿ, ಬೆರಳು ತಪ್ಪು ದಾರಿಯ ಮೇಲೆ ಕ್ಷಣಕಾಲ ತಡೆದು ನಿಂತರೆ, ಆ ತಡೆಯೇ ಅರಿವು. ಅರಿವನ್ನೇ ಗುರುವೆಂದು ಶರಣರು ನಂಬಿದರು. ಆ ಗುರುವು ಮಗುವಿನ ಅಂತರಂಗದಲ್ಲಿ ನೆಲೆಗೊಳ್ಳುವವರೆಗೆ ಅವನ ಸ್ಥಾನದಲ್ಲಿದ್ದು ಸೇವೆ ಸಲ್ಲಿಸುವುದೇ ತಾಯಿತಂದೆಗಳ ಕಾಯಕವು.