ಸ್ಪರ್ಧೆಯ ಸಭೆಯಲ್ಲಿ ಭೃತ್ಯಾಚಾರ

ಪಂಚಾಚಾರಗಳಲ್ಲಿ ಕೊನೆಯದಾಗಿ ಎಣಿಸಲ್ಪಡುವ ಭೃತ್ಯಾಚಾರವು ಆಚರಣೆಯಲ್ಲಿಯೂ ಕೊನೆಗೇ ಉಳಿದುಬಿಟ್ಟಿದೆ. ಲಿಂಗಾಚಾರವೆಂದರೆ ಲಿಂಗನಿಷ್ಠೆಯೆಂದೂ, ಸದಾಚಾರವೆಂದರೆ ಸತ್ಯಶುದ್ಧ ಕಾಯಕದಿಂದ ಬಾಳುವುದೆಂದೂ, ಗಣಾಚಾರವೆಂದರೆ ಧರ್ಮನಿಂದೆಯನ್ನು ಸಹಿಸದಿರುವುದೆಂದೂ ಸಾಮಾನ್ಯ ಭಕ್ತನು ಕೂಡ ತಡವರಿಸದೆ ಹೇಳಬಲ್ಲನು. ಭೃತ್ಯಾಚಾರವನ್ನು ಮಾತ್ರ ‘ವಿನಯ’ ಎಂಬ ಒಂದು ಮಾತಿನಲ್ಲಿ ಮುಗಿಸಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಎಲ್ಲ ಶರಣರಿಗಿಂತ ತಾನು ಕಿರಿಯನೆಂದು ತಿಳಿದು ನಡೆಯುವುದೇ ಅದರ ಲಕ್ಷಣ. ಮಠದ ಅಂಗಳದಲ್ಲಿ, ಗುರುಗಳ ಸನ್ನಿಧಿಯಲ್ಲಿ, ಕೈಮುಗಿದು ನಿಂತಾಗ ಅದು ಕಷ್ಟದ ಕೆಲಸವೇನಲ್ಲ. ಅಲ್ಲಿ ಅವಸರವಿಲ್ಲ, ಪೈಪೋಟಿಯೂ ಇಲ್ಲ. ಆದರೆ ನೂಕುನುಗ್ಗಲಿನ ನಡುವೆ, ತನ್ನ ಮಗುವಿನ ಹೆಸರನ್ನು ಕರೆಯುವ ಹೊತ್ತು ಸಮೀಪಿಸಿರುವಾಗ, ಮುಂದಿನ ಮೆಟ್ಟಿಲಿನಲ್ಲಿ ಊರುಗೋಲಿನ ಬಾಲಕನೊಬ್ಬನು ಮೆಲ್ಲಮೆಲ್ಲನೆ ಏರುತ್ತಿದ್ದರೆ, ಭಕ್ತನ ಭೃತ್ಯಾಚಾರವು ಎಷ್ಟರದೆಂಬುದು ಆ ಕ್ಷಣದಲ್ಲಿಯೇ ಗೊತ್ತಾಗುತ್ತದೆ.

ಬಸವ ಜಯಂತಿಯ ಕಾಲದಲ್ಲಿ ನಾಡಿನ ಅನೇಕ ಮಠಗಳೂ ವಿದ್ಯಾಸಂಸ್ಥೆಗಳೂ ವಚನ ಕಂಠಪಾಠ, ವಚನಗಾಯನ, ಭಾಷಣ, ಚರ್ಚೆ ಮೊದಲಾದ ಸ್ಪರ್ಧೆಗಳನ್ನು ಏರ್ಪಡಿಸುತ್ತವೆ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಂತೂ ಶಾಲೆಯಿಂದ ತಾಲ್ಲೂಕಿಗೂ, ತಾಲ್ಲೂಕಿನಿಂದ ಜಿಲ್ಲೆಗೂ ಮಕ್ಕಳನ್ನು ಕರೆದೊಯ್ಯುತ್ತದೆ. ಅಂತಹ ದಿನ ಶಾಲೆಯ ಆವರಣವು ಜಾತ್ರೆಯ ಬಯಲಾಗುತ್ತದೆ. ಅಕ್ಕಮಹಾದೇವಿಯ ವೇಷ ಧರಿಸಿದವರು, ಹಾರ್ಮೋನಿಯಂ ಹೊತ್ತವರು, ಕೊನೆಯ ಬಾರಿಗೆ ಪಾಠ ಒಪ್ಪಿಸುತ್ತಿರುವವರು, ಅವರ ಹಿಂದೆ ನೀರಿನ ಬಾಟಲಿ ಹಿಡಿದು ಓಡುವ ತಾಯಂದಿರು. ಕೊಠಡಿ ಬದಲಾಯಿತೆಂದು ಕೂಗುವ ಧ್ವನಿವರ್ಧಕ. ಕಿರಿದಾದ ಮೊಗಸಾಲೆಯಲ್ಲಿ ಎರಡೂ ಕಡೆಯಿಂದ ಬಂದು ಸೇರುವ ಸಾಲುಗಳು. ಈ ಗದ್ದಲದೊಳಗೆ ಕಣ್ಣು ಕಾಣದ ಬಾಲಿಕೆಯೂ, ಕಿವಿ ಕೇಳದ ಬಾಲಕನೂ, ಗಾಲಿಕುರ್ಚಿಯಲ್ಲಿ ಕುಳಿತು ಬಂದವನೂ, ಮಾತು ತೊದಲುವವನೂ ಇರುತ್ತಾರೆ. 2011ರ ಜನಗಣತಿಯು ಭಾರತದಲ್ಲಿ ಇಂತಹ ನ್ಯೂನತೆಯುಳ್ಳವರು ಸುಮಾರು 2.68 ಕೋಟಿ ಮಂದಿ ಇದ್ದಾರೆಂದು ಎಣಿಸಿತು. ಆದಕಾರಣ ಅವರು ಸ್ಪರ್ಧೆಗೆ ಬರುವುದು ಆಶ್ಚರ್ಯವಲ್ಲ. ಇಷ್ಟು ಕಡಮೆ ಸಂಖ್ಯೆಯಲ್ಲಿ ಬರುವುದೇ ಆಶ್ಚರ್ಯ.

ಅವರಿಗೆ ಅಲ್ಲಿ ಆಗುವ ಅವಮರ್ಯಾದೆಯನ್ನು ಯಾರೂ ಬೇಕೆಂದು ಮಾಡುವುದಿಲ್ಲ. ಹೆಸರು ಬರೆದುಕೊಳ್ಳುವವರು ಎದುರಿಗೆ ನಿಂತ ಬಾಲಿಕೆಯನ್ನು ಬಿಟ್ಟು, “ಇವಳ ಹೆಸರೇನಮ್ಮ?” ಎಂದು ತಾಯಿಯನ್ನು ಕೇಳುತ್ತಾರೆ. ಕಣ್ಣು ಕಾಣದವಳಿಗೆ ಕಿವಿಯೂ ಕೇಳಿಸದೆಂದು ಅವರು ನಂಬಿರುವರೆಂದಲ್ಲ. ಅವಸರವು ಹಾಗೆ ನುಡಿಸುತ್ತದೆ. ದಾರಿ ಬಿಡಿಸುವ ಉತ್ಸಾಹದಲ್ಲಿ ಯಾರೋ ಒಬ್ಬರು ಗಾಲಿಕುರ್ಚಿಯನ್ನು ಹಿಂದಿನಿಂದ ತಳ್ಳಿಬಿಡುತ್ತಾರೆ. ಜಾಗ ಸಾಲದೆಂದು ಗೋಡೆಗೆ ಒರಗಿಸಿದ್ದ ಊರುಗೋಲನ್ನು ಎತ್ತಿ ಮೂಲೆಗಿಡುತ್ತಾರೆ. ತೊದಲುವ ಬಾಲಕನು ಒಂದು ಅಕ್ಷರದ ಬಳಿ ನಿಂತಾಗ ಮುಂದಿನ ಸಾಲಿನ ಹುಡುಗರು ನಗುತ್ತಾರೆ. ಹಿರಿಯರು ನಗುವುದಿಲ್ಲ, ಅವನ ಪರವಾಗಿ ಆ ಮಾತನ್ನು ತಾವೇ ಪೂರ್ತಿ ಮಾಡುತ್ತಾರೆ. ಈ ಎರಡರಲ್ಲಿ ಅವನಿಗೆ ಯಾವುದು ಹೆಚ್ಚು ನೋಯಿಸಿತೆಂಬುದನ್ನು ಕೇಳಿ ತಿಳಿದವರು ವಿರಳ.

ಇವೆಲ್ಲಕ್ಕಿಂತ ಆಳವಾಗಿ ನಾಟುವುದು ಒಂದು ಉದ್ಗಾರ. ಕನ್ನಡ ಮಾತಿನಲ್ಲಿ ದುಷ್ಕರ್ಮಕ್ಕೂ ಕನಿಕರಕ್ಕೂ ‘ಪಾಪ’ ಎಂಬ ಒಂದೇ ಶಬ್ದವಿದೆ. ಅಂಧ ಬಾಲಿಕೆಯೊಬ್ಬಳು ವೇದಿಕೆಯತ್ತ ನಡೆಯುವಾಗ ಸಭೆಯ ತುಂಬ “ಪಾಪ, ಪಾಪ” ಎಂಬ ಪಿಸುಮಾತು ಹರಡುತ್ತದೆ. ಆಡಿದವರು ಕನಿಕರದಿಂದಲೇ ಆಡಿರುತ್ತಾರೆ. ಆದರೆ ಆ ಶಬ್ದದ ಬೆನ್ನಿಗೆ ಹಳೆಯ ನಂಬಿಕೆಯೊಂದು ಅಂಟಿಕೊಂಡಿದೆ: ಅಂಗದ ಊನವು ಹಿಂದಿನ ಜನ್ಮದ ಕರ್ಮದ ಫಲವೆಂಬುದು. ಹುಟ್ಟನ್ನು ನೋಡಿ ಮನುಷ್ಯನ ಯೋಗ್ಯತೆಯನ್ನು ಅಳೆಯುವ ಪದ್ಧತಿಯನ್ನೇ ನಿರಾಕರಿಸಿದ ಶರಣರ ಮಾರ್ಗದಲ್ಲಿ ಈ ನಂಬಿಕೆಗೆ ಎಡೆಯೆಲ್ಲಿ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯನ ಕುಲವನ್ನು ಕೇಳಬಾರದೆಂದು ಕಲಿತ ಪರಂಪರೆಯವರು, ಮಗುವಿನ ಕಣ್ಣನ್ನು ನೋಡಿ ಅದರ ಪೂರ್ವಜನ್ಮವನ್ನು ವಿಚಾರಿಸುವುದು ಅಸಂಗತವಾಗುತ್ತದೆ. ದೀಕ್ಷೆಯಿಂದ ಪೂರ್ವಾಶ್ರಯ ಕಳೆಯಿತೆಂದು ಒಪ್ಪಿಕೊಂಡ ಮೇಲೆ, ಒಬ್ಬರಿಗೆ ಮಾತ್ರ ಅದು ಕಳೆಯಲಿಲ್ಲವೆಂದು ಹೇಳುವುದು ದೀಕ್ಷೆಯನ್ನೇ ಅವಿಶ್ವಾಸದಿಂದ ಕಂಡಂತೆ.

ಹೆಸರಿಡುವ ವಿಷಯದಲ್ಲಿಯೂ ಕಾಲಕಾಲಕ್ಕೆ ಚರ್ಚೆ ನಡೆದಿದೆ. ‘ಅಂಗವಿಕಲ’ ಎಂಬುದು ಹೋಗಿ ಸರಕಾರದ ಕಾಗದಗಳಲ್ಲಿ ‘ವಿಕಲಚೇತನ’ ಎಂಬುದು ಬಂದಿತು. ‘ವಿಶೇಷಚೇತನ’, ‘ದಿವ್ಯಾಂಗ’ ಎಂಬವೂ ಬಳಕೆಯಲ್ಲಿವೆ. ಷಟ್‌ಸ್ಥಲವನ್ನು ಬಲ್ಲವರಿಗೆ ಇಲ್ಲೊಂದು ವಿನೋದ ಕಾಣಿಸುತ್ತದೆ. ಚೇತನಕ್ಕೆ ವಿಕಲತೆ ಉಂಟೆಂದು ಯಾವ ಶಿವಾನುಭವಿಯೂ ಒಪ್ಪಲಾರನು. ಅದು ಶಿವನ ಅಂಶವಲ್ಲವೇ? ಇನ್ನು ‘ಅಂಗ’ವೆಂದರೆ ವೀರಶೈವ ದರ್ಶನದಲ್ಲಿ ಕೈಕಾಲುಗಳಲ್ಲ, ಲಿಂಗದೊಡನೆ ಸಾಮರಸ್ಯವನ್ನು ಪಡೆಯಬೇಕಾದ ಜೀವ. ಆ ಅರ್ಥದಲ್ಲಿ ಸಾಮರಸ್ಯವನ್ನು ಪಡೆಯದ ಪ್ರತಿಯೊಬ್ಬನೂ ಅಂಗವಿಕಲನೇ ಸರಿ. ಶಬ್ದಗಳ ಮಾತು ಇಷ್ಟು ಸಾಕು. ಎಲ್ಲಕ್ಕಿಂತ ಸುಲಭವಾದುದು ಮಗುವನ್ನು ಅದರ ಹೆಸರಿನಿಂದ ಕರೆಯುವುದು.

ಆದರೆ ಸಹಾಯ ಮಾಡುವುದು ತಪ್ಪೇ ಎಂದು ಸದ್ಭಕ್ತರು ಕೇಳಬಹುದು. ದಾಸೋಹವನ್ನು ಉಸಿರಾಗಿಸಿಕೊಂಡ ಧರ್ಮದಲ್ಲಿ ಈ ಪ್ರಶ್ನೆಗೆ ತೂಕವಿದೆ. ದಾನಕ್ಕೂ ದಾಸೋಹಕ್ಕೂ ಶರಣರು ಮಾಡಿದ ಭೇದವನ್ನು ಇಲ್ಲಿ ನೆನೆಯಬೇಕು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ತಾನು ಕೊಟ್ಟೆನೆಂಬ ಅರಿವು ಅವನಲ್ಲಿ ಉಳಿಯುತ್ತದೆ. ದಾಸೋಹದಲ್ಲಿ ಸಲ್ಲಿಸುವವನು ದಾಸ, ಸ್ವೀಕರಿಸುವವನೇ ಒಡೆಯ. ಒಡೆಯನ ಅಗತ್ಯವನ್ನು ದಾಸನು ತಾನೇ ನಿಶ್ಚಯಿಸುವುದಿಲ್ಲ, ಕೇಳಿ ತಿಳಿಯುತ್ತಾನೆ. ಕೇಳದೆ ಕೈಹಿಡಿದು ಎಳೆದೊಯ್ಯುವವನು ದಾಸೋಹವನ್ನು ಮಾಡುತ್ತಿಲ್ಲ, ತನ್ನ ಪುಣ್ಯದ ಲೆಕ್ಕವನ್ನು ಬರೆದುಕೊಳ್ಳುತ್ತಿದ್ದಾನೆ.

ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ತಿಳಿದದ್ದೇ. ಅವನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಸಾಮಾನ್ಯವಾಗಿ ಈ ಕಥೆಯನ್ನು ಪಡೆಯುವವನ ಆಸೆಗೆ ಸಂಬಂಧಿಸಿ ಹೇಳುತ್ತಾರೆ. ಕೊಡುವವನಿಗೂ ಅದು ಅಷ್ಟೇ ಅನ್ವಯಿಸುತ್ತದೆ. ಅಗತ್ಯಕ್ಕಿಂತ ಹೆಚ್ಚಿನ ನೆರವಿನಲ್ಲಿಯೂ ಒಂದು ಆಸೆಯಿದೆ: ಕರುಣಾಳುವೆನ್ನಿಸಿಕೊಳ್ಳುವ ಆಸೆ. ಮೆಟ್ಟಿಲು ಎಷ್ಟಿವೆಯೆಂದು ಹೇಳಿದರೆ ಸಾಕಾಗಿದ್ದವಳನ್ನು ಇಬ್ಬರು ಸೇರಿ ಎತ್ತಿಕೊಂಡು ವೇದಿಕೆಗೇರಿಸಿದರೆ, ಅವಳು ತಾನಾಗಿ ನಡೆದು ಬಂದೆನೆಂಬ ಧೈರ್ಯವನ್ನು ಕಳೆದುಕೊಂಡೇ ಧ್ವನಿವರ್ಧಕದ ಮುಂದೆ ನಿಲ್ಲುತ್ತಾಳೆ. ಹಾಗೆ ನಿಂತವಳ ಕಂಠ ನಡುಗಿದರೆ ತಪ್ಪು ಯಾರದು?

ತೀರ್ಪುಗಾರರ ಮೇಜಿನ ಬಳಿಯಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಕನಿಕರದಿಂದ ನಾಲ್ಕು ಅಂಕಗಳನ್ನು ಹೆಚ್ಚಿಗೆ ಕೊಡುವ ತೀರ್ಪುಗಾರರುಂಟು. ಅದರಿಂದ ಮೂರು ಅನ್ಯಾಯಗಳಾಗುತ್ತವೆ. ಎರಡನೆಯ ಸ್ಥಾನಕ್ಕಿಳಿದ ಮಗುವಿಗೆ ಆಗುವುದು ಕಣ್ಣಿಗೆ ಕಾಣುತ್ತದೆ. ಬಹುಮಾನ ಪಡೆದ ಮಗುವಿಗೆ ಆಗುವುದು ಕಾಣುವುದಿಲ್ಲ. ಅದು ಮುಂದೆ ಯೋಗ್ಯತೆಯಿಂದಲೇ ಗೆದ್ದಾಗಲೂ ಜನರು “ಪಾಪ, ಕೊಟ್ಟರು” ಎನ್ನುತ್ತಾರೆ. ಮೂರನೆಯದು ಸತ್ಯಕ್ಕೆ ಆಗುವ ಅನ್ಯಾಯ. ಸತ್ಯಶುದ್ಧ ಕಾಯಕವೆಂಬುದು ತೀರ್ಪು ಹೇಳುವ ಕಾಯಕಕ್ಕೂ ಸಲ್ಲುತ್ತದೆ.

ಇದಕ್ಕೆ ಎದುರಾಗಿ, ಎಲ್ಲರಿಗೂ ಒಂದೇ ನಿಯಮವಿರಲಿ, ಅದೇ ಸಮತೆ ಎಂಬ ವಾದವೂ ಕೇಳಿಬರುತ್ತದೆ. ಕೇಳಲು ನ್ಯಾಯವಾಗಿ ತೋರಿದರೂ ಅದು ನಿಲ್ಲುವುದಿಲ್ಲ. ಆಶುಭಾಷಣದ ಸ್ಪರ್ಧೆಯಲ್ಲಿ ವಿಷಯವನ್ನು ಚೀಟಿ ಎತ್ತಿ ತಿಳಿಯಬೇಕೆಂದಿಟ್ಟುಕೊಳ್ಳಿರಿ. ಕಣ್ಣು ಕಾಣದ ಸ್ಪರ್ಧಿಯ ಚೀಟಿಯನ್ನು ಮತ್ತೊಬ್ಬರು ಓದಿ ಹೇಳಬೇಕು. ಓದಿ ಹೇಳಿದ ಮೇಲೆಯೇ ಅವಳ ಸಮಯದ ಎಣಿಕೆ ಆರಂಭವಾಗಬೇಕು. ಅವಧಿ ಮುಗಿಯಿತೆಂದು ಗಂಟೆ ಬಾರಿಸುತ್ತಾರೆ. ಕಿವಿ ಕೇಳದವನಿಗೆ ಆ ಗಂಟೆಯಿಂದ ಏನು ಪ್ರಯೋಜನ? ಅವನಿಗೆ ಕೆಂಪು ಬಾವುಟವನ್ನೆತ್ತಿ ತೋರಿಸಬೇಕು. ತೊದಲುವವನು ಐದು ನಿಮಿಷದ ವಿಚಾರವನ್ನು ಹೇಳಲು ಏಳು ನಿಮಿಷ ತೆಗೆದುಕೊಂಡರೆ, ವಿಚಾರಕ್ಕೆ ಅಂಕವನ್ನು ಕೊಡಬೇಕೇ, ನಾಲಗೆಯ ವೇಗಕ್ಕೆ ಕೊಡಬೇಕೇ? ಇವು ಅನುಕಂಪದ ಅಂಕಗಳಲ್ಲ. ಸ್ಪರ್ಧೆಯು ಅಳೆಯಬೇಕಾದುದನ್ನೇ ಅಳೆಯುವಂತೆ ತಕ್ಕಡಿಯನ್ನು ಸರಿಪಡಿಸುವುದು ಮಾತ್ರ.

ದೇಶದ ಶಾಸನವೂ ಈ ದಾರಿಯನ್ನೇ ಹಿಡಿದಿದೆ. 1995ರ ಕಾಯಿದೆಯು ಏಳು ಬಗೆಯ ನ್ಯೂನತೆಗಳನ್ನು ಹೇಳಿತ್ತು. ಅದರ ಬದಲಾಗಿ ಬಂದ 2016ರ ಕಾಯಿದೆಯು ಇಪ್ಪತ್ತೊಂದನ್ನು ಹೇಳುತ್ತದೆ. ಸರಕಾರದ ನೆರವು ಅಥವಾ ಮನ್ನಣೆ ಪಡೆದ ವಿದ್ಯಾಸಂಸ್ಥೆಗಳು ಪಾಠದಲ್ಲಿ ಮಾತ್ರವಲ್ಲದೆ ಆಟ ವಿನೋದಗಳಲ್ಲಿಯೂ ಇಂತಹ ಮಕ್ಕಳಿಗೆ ಇತರರೊಂದಿಗೆ ಸಮಾನ ಅವಕಾಶವನ್ನು ಕೊಡಬೇಕೆಂದೂ, ಕಟ್ಟಡವನ್ನೂ ಆವರಣವನ್ನೂ ಅವರು ಬಳಸುವಂತೆ ಮಾಡಬೇಕೆಂದೂ ಅದು ವಿಧಿಸುತ್ತದೆ. ಲಿಖಿತ ಪರೀಕ್ಷೆಗಳಿಗೆ 2013ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಸೂಚನೆಗಳಲ್ಲಿ, ಲಿಪಿಕಾರರ ನೆರವನ್ನು ಪಡೆಯಬಹುದಾದವರಿಗೆ ಗಂಟೆಯೊಂದಕ್ಕೆ ಇಪ್ಪತ್ತು ನಿಮಿಷಕ್ಕೆ ಕಡಮೆಯಿಲ್ಲದಂತೆ ಹೆಚ್ಚಿನ ಕಾಲವನ್ನು ಕೊಡಬೇಕೆಂದಿತ್ತು. ಆದರೆ ಶಾಸನವು ಇಳಿಜಾರು ದಾರಿಯನ್ನು ಕಟ್ಟಿಸಬಲ್ಲದು. ಆ ದಾರಿಗೆ ಅಡ್ಡವಾಗಿ ಚಪ್ಪಲಿಗಳನ್ನು ರಾಶಿ ಹಾಕದಂತೆ ನೋಡಿಕೊಳ್ಳಬೇಕಾದವರು ಸಭೆಗೆ ಬಂದ ಭಕ್ತರೇ.

ಕನಿಕರಕ್ಕೂ ಗೌರವಕ್ಕೂ ಇರುವ ಅಂತರವನ್ನು ತಿಳಿಯಬೇಕಾದವರು ಗದುಗಿನತ್ತ ನೋಡಬೇಕು. 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಆ ಬಾಲಕನಿಗೆ ಅನ್ನವನ್ನಿಟ್ಟು ಕಳುಹಿಸಿದ್ದರೆ ಅದೂ ಪುಣ್ಯಕಾರ್ಯವೆನ್ನಿಸುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಕಂಠವನ್ನು ಗುರುತಿಸಿ, ಸಂಗೀತವನ್ನು ಕ್ರಮವಾಗಿ ಕಲಿಯುವ ಏರ್ಪಾಡನ್ನು ಮಾಡಿದರು. ಕಲಿಯುವವನ ಮೇಲೆ ಸಾಧನೆಯ ಪೂರ್ಣಭಾರವನ್ನು ಹೊರಿಸಿದರು. ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪರಿಣತರಾದ ಗವಾಯಿಗಳ ಶಿಷ್ಯರಲ್ಲಿ ಕಣ್ಣುಳ್ಳವರೂ ಇದ್ದರು. ಬಸವರಾಜ ರಾಜಗುರುಗಳಂತಹ ಮಹಾಗಾಯಕರು ಅವರಲ್ಲಿ ಕಲಿತವರು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ವೀರೇಶ್ವರ ಪುಣ್ಯಾಶ್ರಮದ ಹೊಣೆಯನ್ನು ಹೊತ್ತವರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು. ಅವರಿಗೂ ಶೈಶವದಿಂದಲೇ ಕಣ್ಣಿರಲಿಲ್ಲ. 2010ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಸಾವಿರಾರು ಅಂಧ ಹಾಗೂ ಬಡ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಒಟ್ಟಿಗೆ ಉಣಬಡಿಸಿದರು. ಆ ವರ್ಷವೇ ಅವರಿಗೆ ಪದ್ಮಭೂಷಣವು ಸಂದಿತು. ಅಲ್ಲಿ ಅಂಧನಾದ ವಿದ್ಯಾರ್ಥಿಯು ಶ್ರುತಿ ತಪ್ಪಿದರೆ ಅದು ಶ್ರುತಿ ತಪ್ಪಿದಂತೆಯೇ ಲೆಕ್ಕ. ತಿದ್ದಿಕೊಂಡು ಮತ್ತೆ ಹಾಡಬೇಕು.

ಈ ಮನೋಭಾವವನ್ನು ಸ್ಪರ್ಧೆಯ ಸಭೆಗೆ ತರುವುದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಕಣ್ಣು ಕಾಣದವರೊಡನೆ ಮಾತನಾಡುವಾಗ ಮೊದಲು ತನ್ನ ಹೆಸರನ್ನು ಹೇಳಿ, “ಜೊತೆಗೆ ಬರಲೇ?” ಎಂದು ಕೇಳಬೇಕು. ಒಪ್ಪಿದರೆ ತನ್ನ ಮೊಣಕೈಯನ್ನು ಅವರಿಗೆ ಹಿಡಿಯಲು ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಮೆಟ್ಟಿಲು ಬಂದಾಗ ಏರುವುದೋ ಇಳಿಯುವುದೋ ಎಂಬುದನ್ನು ಹೇಳಬೇಕು. ಬಿಟ್ಟು ಹೋಗುವಾಗ ಹೋಗುತ್ತೇನೆಂದು ತಿಳಿಸಬೇಕು. ಒಲ್ಲೆನೆಂದರೆ ಮುನಿಯಬಾರದು. ಕಿವಿ ಕೇಳದವರೊಡನೆ ಮಾತನಾಡುವಾಗ ಬೆಳಕಿಗೆ ಮುಖಮಾಡಿ, ತುಟಿ ಕಾಣುವಂತೆ, ಸಾವಧಾನವಾಗಿ ನುಡಿಯಬೇಕು; ಕೂಗಿದರೆ ಪ್ರಯೋಜನವಿಲ್ಲ. ಸಂಜ್ಞೆಭಾಷೆಯಲ್ಲಿ ತಿಳಿಸುವವರು ಜೊತೆಗಿದ್ದರೂ ದೃಷ್ಟಿಯು ಸ್ಪರ್ಧಿಯ ಮೇಲಿರಬೇಕು. ಗಾಲಿಕುರ್ಚಿಯನ್ನೂ ಊರುಗೋಲನ್ನೂ ಅವರವರ ದೇಹದ ಭಾಗವೆಂದೇ ತಿಳಿಯಬೇಕು; ಅಪರಿಚಿತನ ಹೆಗಲ ಮೇಲೆ ಯಾರೂ ಕೇಳದೆ ಕೈಯೂರುವುದಿಲ್ಲವಷ್ಟೆ. ಗದ್ದಲವನ್ನು ಸಹಿಸಲಾರದ ಮಕ್ಕಳಿಗಾಗಿ ಒಂದು ಕೊಠಡಿಯನ್ನು ನಿಶ್ಶಬ್ದವಾಗಿ ಬಿಡಬಹುದು. ಕೊಠಡಿಗಳು ಸಾಲದ ದಿನ ಅದು ಕಷ್ಟವೇ. ಆದರೂ ಅತಿಥಿಗಳ ಉಪಾಹಾರಕ್ಕೆಂದು ಒಂದು ಕೊಠಡಿ ಹೇಗೋ ದೊರೆಯುತ್ತದೆ.

ಎತ್ತರದ ವೇದಿಕೆಗೆ ಏರುದಾರಿಯಿಲ್ಲದಿದ್ದರೆ ಆ ಸ್ಪರ್ಧೆಯನ್ನು ನೆಲದ ಮೇಲೆಯೇ ನಡೆಸಬಹುದು. ತೀರ್ಪುಗಾರರು ಕೆಳಗೆ ಬಂದು ಕೂಡಲಿ, ಎಲ್ಲ ಸ್ಪರ್ಧಿಗಳೂ ಅಲ್ಲಿಯೇ ನಿಂತು ಮಾತನಾಡಲಿ. ಸ್ಥಾವರವಾದ ಕಲ್ಲುಕಟ್ಟೆಯ ಗೌರವಕ್ಕಾಗಿ ಜಂಗಮವನ್ನು ಬಾಗಿಲಲ್ಲಿ ನಿಲ್ಲಿಸುವುದು ಬಸವಣ್ಣನವರ ಹೆಸರಿನ ಉತ್ಸವಕ್ಕಂತೂ ಒಪ್ಪುವ ಮಾತಲ್ಲ.

ತಂದೆತಾಯಿಗಳ ಸಂಕಟವನ್ನೂ ಮರೆಯಲಾಗದು. ಬೆಳಿಗ್ಗೆ ಐದು ಗಂಟೆಗೆ ಹಳ್ಳಿಯಿಂದ ಬಸ್ಸು ಹತ್ತಿ ಬಂದವರಿಗೆ, ಮತ್ತೊಬ್ಬರ ಮಗುವಿಗಾಗಿ ತಮ್ಮ ಮಗುವಿನ ಸರದಿ ಕಾಲು ಗಂಟೆ ತಡವಾದರೆ ಹೊಟ್ಟೆಯುರಿಯುವುದು ಸಹಜ. ಸಂಜೆಯ ಬಸ್ಸು ತಪ್ಪುವ ಭಯವೂ ಇರುತ್ತದೆ. ಆ ಕಾಲು ಗಂಟೆಯನ್ನು ಅವರು ಸುಮ್ಮನೆ ಕಾದರೆ, ಪಕ್ಕದಲ್ಲಿ ಕುಳಿತ ಮಗು ಅದನ್ನು ನೋಡುತ್ತದೆ. ಗೊಣಗಿದರೆ ಅದನ್ನೂ ನೋಡುತ್ತದೆ. ಭೃತ್ಯಾಚಾರದ ಮೇಲೆ ಐದು ನಿಮಿಷ ಬಾಯಿಪಾಠದಿಂದ ಮಾತನಾಡಿ ಪ್ರಥಮ ಬಹುಮಾನ ಪಡೆಯುವ ಮಗುವಿಗೆ, ಆ ಶಬ್ದದ ಅರ್ಥವು ದೊರೆಯುವುದು ಈ ಬೆಂಚಿನ ಮೇಲೆಯೇ.

ಬಹುಮಾನ ಹಂಚುವಾಗ ಇನ್ನೊಂದು ಎಚ್ಚರ ಬೇಕು. ಅಂಧ ಬಾಲಿಕೆಯನ್ನು ಮುಂದೆ ನಿಲ್ಲಿಸಿ ಅವಳ ಕಷ್ಟಗಳನ್ನು ಸಭೆಗೆ ವಿವರಿಸುವ ಅತಿಥಿಗಳೂ, ಅವಳೊಡನೆ ಮಾತ್ರ ಮೂರು ಮೂರು ಸಲ ಚಿತ್ರ ತೆಗೆಸಿಕೊಳ್ಳುವ ಸಂಘಟಕರೂ ಇದ್ದಾರೆ. ಇತರರಿಗೆ ಹೇಳಿದಂತೆ ಹೆಸರು, ಶಾಲೆ, ಪಡೆದ ಸ್ಥಾನ ಇಷ್ಟನ್ನು ಹೇಳಿ ಚಪ್ಪಾಳೆ ತಟ್ಟಿದರೆ ಸಾಲದೆ? ಮುಂದಿನ ವರ್ಷದ ವಚನಗಾಯನಕ್ಕೆ ಗದುಗಿನಲ್ಲಿ ಕಲಿತ ಅಂಧ ಗಾಯಕರೊಬ್ಬರನ್ನು ತೀರ್ಪುಗಾರರಾಗಿ ಆಹ್ವಾನಿಸಬಹುದು. ಅವರು ಹೇಳುವ ಅಂಕಗಳನ್ನು ಬರೆದುಕೊಳ್ಳಲು ಹಿರಿಯ ವಿದ್ಯಾರ್ಥಿಯೊಬ್ಬನು ಬಳಿಯಲ್ಲಿ ಕುಳಿತಿರಲಿ. ಬರೆದುದನ್ನು ಒಮ್ಮೆ ಮೆಲ್ಲನೆ ಅವರಿಗೆ ಓದಿ ಹೇಳಲಿ.