ಒಂದು ಗುಲಗಂಜಿ ತೂಕ

ಟಿ. ನರಸೀಪುರದಲ್ಲಿ, ಕಪಿಲೆ ಬಂದು ಕಾವೇರಿಯನ್ನು ಸೇರುವೆಡೆ, ಗುಂಜಾ ನರಸಿಂಹಸ್ವಾಮಿಯ ಗುಡಿಯಿದೆ. ದೇವರ ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಗುಲಗಂಜಿ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಆ ಬೀಜ ಸುಮಾರು 120 ಮಿಲಿಗ್ರಾಂ ಬರುತ್ತದೆ. ಅಷ್ಟರಲ್ಲೇ ತಕ್ಕಡಿ ವಾಲಿಬಿಡುತ್ತದೆ ಎಂಬುದು ಭಕ್ತರ ನಂಬಿಕೆ. ಗಿಡಮರಗಳ ಒಳಬಾಳಿನ ಮಟ್ಟಿಗೆ ಇದು ಲೆಕ್ಕಕ್ಕೂ ಸಿಗುವ ಮಾತು.

ಬಾಳೆಯ ಸಸಿಗಳನ್ನು ಪ್ರಯೋಗಾಲಯದ ಸೀಸೆಗಳಲ್ಲಿ ಬೆಳೆಸುವವರು ಒಂದು ಲೀಟರ್ ಪೋಷಕ ದ್ರಾವಣಕ್ಕೆ ಸೈಟೊಕೈನಿನ್ ಎಂಬ ಹಾರ್ಮೋನನ್ನು ಸುಮಾರು 5 ಮಿಲಿಗ್ರಾಂ ಹಾಕುತ್ತಾರೆ. ಒಂದು ಗುಲಗಂಜಿ ತೂಕದಷ್ಟು ಇದ್ದರೆ 24 ಲೀಟರಿಗಾಯಿತು. ಅದರಿಂದ ಸಾವಿರಾರು ಮೊಳಕೆ ಏಳಿಸಬಹುದು. ಅದೇ ದ್ರಾವಣಕ್ಕೆ ಸಕ್ಕರೆ ಗ್ರಾಂಗಟ್ಟಲೆ ಬೇಕು, ಏಕೆಂದರೆ ಸಕ್ಕರೆ ಆಹಾರ. ಹಾರ್ಮೋನು ಕೊಡುವುದು ಅಪ್ಪಣೆ. 1957ರಲ್ಲಿ ಫೋಲ್ಕೆ ಸ್ಕೂಗ್ ಮತ್ತು ಕಾರ್ಲೋಸ್ ಮಿಲ್ಲರ್ ಹೊಗೆಸೊಪ್ಪಿನ ಕಾಂಡದ ತಿರುಳಿನ ಮೇಲೆ ಮಾಡಿದ ಪ್ರಯೋಗ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಆಕ್ಸಿನ್ ಎಂಬ ಇನ್ನೊಂದು ಹಾರ್ಮೋನು ಹೆಚ್ಚಾಗಿ ಸೈಟೊಕೈನಿನ್ ಕಡಿಮೆಯಾದರೆ ಬೇರು ಬಂತು. ತಿರುಗುಮುರುಗಾದರೆ ಚಿಗುರು ಬಂತು. ಎರಡೂ ಸರಿಸುಮಾರಾಗಿ ಇದ್ದಲ್ಲಿ ಬೇರೂ ಆಗದ ಚಿಗುರೂ ಆಗದ ಕೋಶಗಳ ಮುದ್ದೆ ಬೆಳೆಯಿತು. ಬೇರು ಎಂಬ ಅಪ್ಪಣೆ ಇವೆರಡರಲ್ಲಿ ಯಾವುದೊಂದರ ಒಳಗೂ ಇರಲಿಲ್ಲ, ಅವುಗಳ ನಡುವಿನ ಪ್ರಮಾಣದಲ್ಲಿತ್ತು. ಹಾಗಾದರೆ ಗಾಯ ಮಾಯುವುದು, ಕಷ್ಟ ತಾಳುವುದು ಎಂದು ನಾವು ಹೇಳುವ ದೊಡ್ಡ ಗುಣಗಳು ಎಲ್ಲಿರುತ್ತವೆ? ಹೆಚ್ಚು ಬೆಳೆಯುವ ಜೀವವೇ ಹೆಚ್ಚು ತಾಳುವ ಜೀವವೇ? ನರಸೀಪುರ, ನಂಜನಗೂಡು ಎಂಬ ಎರಡು ತಾಲ್ಲೂಕುಗಳ ಹೊಲ, ಗದ್ದೆ, ಹುಳುಮನೆಗಳನ್ನು ಇಟ್ಟುಕೊಂಡು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ನನಗೆ ಸುಲಭ.

ನರಸೀಪುರದ ಸುತ್ತ ಹಿಪ್ಪುನೇರಳೆ ತೋಟಗಳಿವೆ. ಪಟ್ಟಣದಲ್ಲೇ ಮೈಸೂರು ರೇಷ್ಮೆಗೆ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆಯಿದೆ. ನೀರಾವರಿ ತೋಟವಾದರೆ ವರ್ಷಕ್ಕೆ ಐದು ಬೆಳೆ. ಪ್ರತಿ ಬೆಳೆಗೂ ಕಡ್ಡಿಗಳನ್ನೆಲ್ಲ ಬುಡದವರೆಗೆ ಕೊಯ್ದು ಹುಳುವಿಗೆ ಹಾಕುತ್ತಾರೆ. ಕುಡುಗೋಲು ಆಡಿದಲ್ಲೆಲ್ಲ ಬಿಳಿ ಹಾಲು ಒಸರುತ್ತದೆ. ಬೇರೆ ಅನೇಕ ಹುಳುಗಳು ಆ ಹಾಲನ್ನು ತಾಳಲಾರವು. ರೇಷ್ಮೆಹುಳು ಅದಕ್ಕೆ ಹೊಂದಿಕೊಂಡಿದೆ. ಗಾಯವಾದ ಕೆಲವೇ ನಿಮಿಷಗಳಲ್ಲಿ ಅದರ ಸುತ್ತ ಜಾಸ್ಮೋನಿಕ್ ಆಮ್ಲ ಎಂಬ ಹಾರ್ಮೋನು ಏರತೊಡಗುತ್ತದೆ, ಇನ್ನೂ ಪೆಟ್ಟಾಗದ ಭಾಗಕ್ಕೂ ಸುದ್ದಿ ಮುಟ್ಟುತ್ತದೆ. ಈ ಬಳಗದ ವಸ್ತುವೊಂದನ್ನು 1962ರಲ್ಲಿ ಬೇರ್ಪಡಿಸಿದ್ದು ಮಲ್ಲಿಗೆಯ ಎಣ್ಣೆಯಿಂದ. ಮೈಸೂರು ಮಲ್ಲಿಗೆ ಮುಡಿದು ಬೆಳೆದ ನಾಡಿನವರು ಇದನ್ನು ತಿಳಿಯಬೇಕು: ಆ ಪರಿಮಳದ ಒಂದೆಳೆ ಗಿಡದ ಲೋಕದಲ್ಲಿ ಪೆಟ್ಟು ಬಿತ್ತು ಎಂದು ಸಾರುವ ವಸ್ತು.

ಇತ್ತ ಬುಡದಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ಕಡ್ಡಿಯ ತುದಿ ಇದ್ದಷ್ಟು ದಿನ ಅಲ್ಲಿಂದ ಇಳಿದು ಬರುವ ಆಕ್ಸಿನ್ ಕೆಳಗಿನ ಮೊಗ್ಗುಗಳನ್ನು ಸುಮ್ಮನಿರಿಸಿತ್ತು. ತುದಿ ಹೋದ ಮೇಲೆ ಆ ತಡೆ ಸಡಿಲುತ್ತದೆ, ಸೈಟೊಕೈನಿನ್ನಿನ ಕೈ ಮೇಲಾಗುತ್ತದೆ, ಮಲಗಿದ್ದ ಮೊಗ್ಗುಗಳೆಲ್ಲ ಒಡೆಯುತ್ತವೆ. ಸ್ವಲ್ಪ ದಿನಕ್ಕೆ ತೋಟ ಮತ್ತೆ ಹಸಿರು. ಗಿಡ ಚೇತರಿಸಿಕೊಂಡಿತು ಎನ್ನುತ್ತೇವೆ.

ಆದರೆ ಹಳೆಯ ತೋಟದ ಬುಡವನ್ನೊಮ್ಮೆ ಬಗ್ಗಿ ನೋಡಬೇಕು. ಅದು ಬರೀ ಗಂಟು. ಕೊಯ್ದ ಒಂದೊಂದು ಸಲದ ಗುರುತೂ ಅಲ್ಲಿದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ಒಳಗನ್ನು ಪರೀಕ್ಷಿಸಿ, 1970ರ ದಶಕದಲ್ಲಿ ಒಂದು ತೀರ್ಮಾನಕ್ಕೆ ಬಂದರು: ಮರ ತನ್ನ ಗಾಯವನ್ನು ಮಾಯಿಸುವುದಿಲ್ಲ, ಅದಕ್ಕೆ ಗೋಡೆ ಕಟ್ಟುತ್ತದೆ. ನಮ್ಮ ಚರ್ಮದಲ್ಲಿ ಆಗುವ ಹಾಗೆ ಹಾಳಾದ ಜಾಗಕ್ಕೆ ಹೊಸ ಕೋಶ ಬಂದು ತುಂಬುವುದಿಲ್ಲ. ಕೆಟ್ಟ ಮರದ ಸುತ್ತ ರಾಸಾಯನಿಕ ಎಲ್ಲೆ ಎಬ್ಬಿಸಿ, ಅದನ್ನು ಒಳಗೇ ಇಟ್ಟುಕೊಂಡು, ಹೊಸ ಮರವನ್ನು ಅದರ ಹೊರಗೆ ಬೆಳೆಸಿಕೊಳ್ಳುತ್ತದೆ. ಐವತ್ತು ವರ್ಷದ ಹಿಂದಿನ ಕೊಡಲಿಯೇಟು ಇಂದಿಗೂ ಮರದೊಳಗೆ ಇದ್ದ ಜಾಗದಲ್ಲೇ ಇದೆ. ನಂಜನಗೂಡಿನ ದೇವರ ಕಥೆ ಬಲ್ಲವರಿಗೆ ಇದು ಹೊಸದೆನಿಸಲಾರದು. ಹಾಲಾಹಲವನ್ನು ಆತ ಉಗುಳಲಿಲ್ಲ, ಹೊಟ್ಟೆಗೂ ಇಳಿಸಲಿಲ್ಲ, ಕಂಠದಲ್ಲಿ ನಿಲ್ಲಿಸಿದ. ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನ ಹಕೀಂ ನಂಜುಂಡ ಎಂದು ಕರೆದನೆಂಬ ಪ್ರತೀತಿ ಇರುವುದು ಈ ದೇವರ ಬಗ್ಗೆಯೇ. ವಿಷವನ್ನು ಒಂದೆಡೆ ನಿಲ್ಲಿಸಬಲ್ಲವನೇ ವೈದ್ಯನಾದ.

ಹಾಗಾಗಿ ಮಾಯುವ ಕೆಲಸದಲ್ಲಿ ಬೆಳೆ ಎನ್ನುವ ಅಪ್ಪಣೆಯ ಜೊತೆಗೆ ಇಲ್ಲಿಗೆ ಸಾಕು ಎನ್ನುವ ಅಪ್ಪಣೆಯೂ ಇದೆ. ಎರಡನೆಯದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅಗ್ರೊಬ್ಯಾಕ್ಟೀರಿಯಂ ಎಂಬ ಮಣ್ಣಿನ ಸೂಕ್ಷ್ಮಾಣು ತೋರಿಸುತ್ತದೆ. ಗಾಯಗೊಂಡ ಗಿಡ ಒಸರುವ ವಸ್ತುಗಳ ಜಾಡು ಹಿಡಿದು ಬಂದು, ತನ್ನ ಡಿಎನ್‌ಎಯ ಒಂದು ತುಣುಕನ್ನು ಅದು ಗಿಡದ ಕೋಶಕ್ಕೆ ಸೇರಿಸುತ್ತದೆ. ಆ ತುಣುಕಿನಲ್ಲಿರುವುದು ಆಕ್ಸಿನ್ ಮತ್ತು ಸೈಟೊಕೈನಿನ್ ತಯಾರಿಸುವ ಜೀನ್‌ಗಳು. ಗಾಯ ಮುಚ್ಚಲು ಬೇಕಾಗಿದ್ದ ವಸ್ತುಗಳೇ ಎಡೆಬಿಡದೆ ಹುಟ್ಟಿ, ಕಾಂಡದ ಮೇಲೆ ದೊಡ್ಡ ಗಂಟು ಕಟ್ಟುತ್ತದೆ. ಮನುಷ್ಯರ ಕ್ಯಾನ್ಸರ್ ಗಡ್ಡೆಯನ್ನು ಮಾಯದ ಗಾಯಕ್ಕೆ ಹೋಲಿಸಿ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಬರೆದರು; ಗಾಯ ಕೂಡಿಸುವಾಗ ರಕ್ತನಾಳ ಎಬ್ಬಿಸುವ ಉಪಾಯಗಳನ್ನೇ ಗಡ್ಡೆಯೂ ಬಳಸುತ್ತದೆ, ಆದರೆ ನಿಲ್ಲಿಸುವುದಿಲ್ಲ.

ತಾಳುವ ಗುಣದಲ್ಲಿ ಈ ನಿಲ್ಲಿಸುವಿಕೆ ಇನ್ನೂ ಸ್ಪಷ್ಟ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಸ್ನಾನಘಟ್ಟ ಮುಳುಗಿತು, ಮೈಸೂರು ರಸ್ತೆ ಬಂದ್ ಆಯಿತು. ಇಂಥ ನೆರೆಯಲ್ಲಿ ನದಿಯಂಚಿನ ಗದ್ದೆಗಳು ನೀರಿನಡಿಗೆ ಹೋದಾಗ ಪೈರಿನೊಳಗೆ ಎಥಿಲಿನ್ ಅನಿಲ ಹೊರಹೋಗಲು ದಾರಿಯಿಲ್ಲದೆ ತುಂಬಿಕೊಳ್ಳುತ್ತದೆ. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವಾಗ ಕೆಲಸ ಮಾಡುವುದು ಇದೇ ಅನಿಲ. ನೀರಿನಡಿಯ ಪೈರಿನಲ್ಲಿ ಎಥಿಲಿನ್ ಗಿಬ್ಬರೆಲಿನ್ ಎಂಬ ಹಾರ್ಮೋನನ್ನು ಎಬ್ಬಿಸುತ್ತದೆ, ಎಲೆಗಳು ಗಾಳಿ ಹುಡುಕುತ್ತ ಉದ್ದಕ್ಕೆ ಏರುತ್ತವೆ. ನೀರು ನಿಧಾನವಾಗಿ ಏರಿ ತಿಂಗಳುಗಟ್ಟಲೆ ನಿಲ್ಲುವ ಕಡೆ ಅದು ಬದುಕುವ ದಾರಿ. ಹಠಾತ್ತಾಗಿ ಬಂದು ಹತ್ತು ದಿನದಲ್ಲಿ ಇಳಿಯುವ ನೆರೆಯಲ್ಲಿ ಅದೇ ಸಾಯುವ ದಾರಿ: ಕೂಡಿಟ್ಟ ಸಕ್ಕರೆಯೆಲ್ಲ ಎತ್ತರಕ್ಕೆ ಖರ್ಚಾಗಿ, ನೀರಿಳಿದ ದಿನ ಪೈರು ನಿಲ್ಲಲಾರದೆ ಮಲಗುತ್ತದೆ. ಒಡಿಶಾದ ಎಫ್‌ಆರ್13ಎ ಎಂಬ ಹಳೆಯ ಭತ್ತ ಹೀಗೆ ಮಾಡುವುದಿಲ್ಲ. ಅದರಲ್ಲಿರುವ ಸಬ್1ಎ ಎಂಬ ಜೀನ್ ಗಿಬ್ಬರೆಲಿನ್ನಿನ ಕರೆಗೆ ಪೈರು ಓಗೊಡದಂತೆ ತಡೆಯುತ್ತದೆ. ಎರಡು ವಾರದವರೆಗೂ ಪೈರು ಬೆಳೆಯದೆ, ಖರ್ಚು ಮಾಡದೆ, ಇದ್ದಷ್ಟೇ ಇರುತ್ತದೆ. ನೀರಿಳಿದ ಮೇಲೆ ತೆಂಡೆ ಒಡೆಯುತ್ತದೆ. 2006ರಲ್ಲಿ ಈ ಜೀನ್ ಪತ್ತೆಯಾಯಿತು, 2009ರಲ್ಲಿ ಸ್ವರ್ಣ-ಸಬ್1 ತಳಿ ಭಾರತದ ರೈತರಿಗೆ ಸಿಕ್ಕಿತು. ಬರದಲ್ಲಿಯೂ ಹೀಗೆಯೇ. ಬೇರಿಗೆ ನೀರು ಸಿಗದಾಗ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಎಲೆಯ ರಂಧ್ರಗಳನ್ನು ಮುಚ್ಚಿಸುತ್ತದೆ. ನೀರು ಉಳಿಯುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಅಂದು ಆ ಗಿಡ ಕಣ್ಣಿಗೆ ಮಂಕಾಗಿ ಕಾಣುತ್ತದೆ. ಅದರ ಬಲವಿರುವುದು ಆ ಮಂಕಿನಲ್ಲೇ.

ಗಿಬ್ಬರೆಲಿನ್ ಮನುಷ್ಯನ ಅರಿವಿಗೆ ಬಂದ ಬಗೆಯೂ ನೆನೆಯುವಂಥದ್ದು. ಜಪಾನಿನಲ್ಲಿ ಭತ್ತದ ಸಸಿಗಳು ಸಣಕಲಾಗಿ ಎತ್ತರ ಬೆಳೆದು ಸಾಯುವ ರೋಗವಿತ್ತು; ರೈತರು ಅದನ್ನು ಪೆದ್ದು ಸಸಿ ಎನ್ನುತ್ತಿದ್ದರು. 1926ರಲ್ಲಿ ಎಯಿಚಿ ಕುರೊಸಾವ, ಶಿಲೀಂಧ್ರವೊಂದು ಹೊರಹಾಕುವ ವಸ್ತುವೇ ಇದನ್ನು ಮಾಡುತ್ತಿದೆ ಎಂದು ತೋರಿಸಿದರು. ರೋಗದ ವಿಷವೆಂದು ಕಂಡ ಆ ವಸ್ತು ಗಿಡಗಳು ತಾವೇ ಮಾಡಿಕೊಳ್ಳುವ ಸಹಜ ಹಾರ್ಮೋನು ಎಂದು ಮುಂದೆ ತಿಳಿಯಿತು. ಆ ಶಿಲೀಂಧ್ರ ಫ್ಯುಸೇರಿಯಂ ಕುಲದ್ದು. ಈ ಹೆಸರಿಗೆ ಮತ್ತೆ ಬರುತ್ತೇನೆ.

ಹುಳುಮನೆಯಲ್ಲಿ ನಿಂತರೆ ಇದೇ ಮಾತು ಪ್ರಾಣಿಯ ಮೈಯಲ್ಲಿ ಕಾಣುತ್ತದೆ. ರೇಷ್ಮೆಹುಳು ನಾಲ್ಕು ಸಲ ಜ್ವರಕ್ಕೆ, ಎಂದರೆ ಪೊರೆ ಬಿಡಲು, ಕೂರುತ್ತದೆ. ಆಗ ಅದು ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿ ಅಲುಗದೆ ಇರುತ್ತದೆ. ಹುಳು ಸಾಕುವವರು ಸೊಪ್ಪು ಹಾಕದೆ, ಹಾಸಿಗೆ ಒಣಗಿಸಿ, ಸದ್ದಿಲ್ಲದೆ ಕಾಯುತ್ತಾರೆ. ಎಕ್ಡೈಸೋನ್ ಎಂಬ ಹಾರ್ಮೋನು ಪೊರೆ ಕಳಚಿಸುತ್ತದೆ. ಜೊತೆಗೆ ಜುವೆನೈಲ್ ಹಾರ್ಮೋನು ಎಷ್ಟಿದೆ ಎಂಬುದರ ಮೇಲೆ ಅದು ಮತ್ತೆ ಹುಳುವಾಗಿ ಏಳಬೇಕೋ ಗೂಡು ಕಟ್ಟಬೇಕೋ ಎಂಬುದು ನಿಶ್ಚಯವಾಗುತ್ತದೆ. ಕೆಲವು ಗಿಡಗಳು ಎಕ್ಡೈಸೋನಿನಂಥ ವಸ್ತುವನ್ನು ತಾವೇ ಮಾಡಿಟ್ಟುಕೊಳ್ಳುತ್ತವೆ, ತಿನ್ನಲು ಬಂದ ಕೀಟದ ಕಾಲಗಣನೆಯನ್ನೇ ಕೆಡಿಸಲು. ಹುಳುಗಳೆಲ್ಲ ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆ ಏರಲಿ ಎಂದು ಅದೇ ವಸ್ತುವನ್ನು ಈಗ ಸೊಪ್ಪಿನ ಮೇಲೆ ಸಿಂಪಡಿಸುತ್ತಾರೆ. ಗಿಡದ ಆಯುಧ ರೈತರ ಕೈಯಲ್ಲಿ ಉಪಕಾರಿಯಾಯಿತು. ತಳಿಗಳ ವಿಷಯವೂ ಹಾಗೇ. ಹಳೆಯ ಮೈಸೂರು ತಳಿಯ ಗೂಡು ಚಿಕ್ಕದು, ನೂಲು ಕಡಿಮೆ, ಆದರೆ ಬಿಸಿಲು ಸೆಕೆಯನ್ನು ಅದು ತಾಳುತ್ತದೆ. ದ್ವಿತಳಿ (ಬೈವೋಲ್ಟೀನ್) ಹುಳುವಿನ ನೂಲು ಹೆಚ್ಚು, ಗುಣವೂ ಮೇಲು; ಮನೆಯ ತಂಪು, ಶುಚಿ ಒಂದಿಷ್ಟು ತಪ್ಪಿದರೂ ರೋಗ ಬೀಳುತ್ತದೆ. ಇಳುವರಿಯಾಗಿ ಹೋದದ್ದು ಬೇರೆಲ್ಲೋ ಕಡಿಮೆಯಾಗಲೇಬೇಕು.

ನಿಲ್ಲುವುದೇ ಒಳ್ಳೆಯದು ಎಂದು ಹೇಳುವ ಅವಸರವೂ ನನಗಿಲ್ಲ. ಅಪಾಯ ಬಂದಾಗ ನಮ್ಮ ಮೈಯಲ್ಲಿ ಏರುವ ಕಾರ್ಟಿಸಾಲ್ ಹಾರ್ಮೋನು ದುರಸ್ತಿ ಕೆಲಸವನ್ನು ಆ ಹೊತ್ತಿಗೆ ಬದಿಗಿಡಿಸುತ್ತದೆ. ಅದು ಇಳಿಯದೆ ಉಳಿದರೆ ಗಾಯ ಕೂಡುವುದಿಲ್ಲ. ಮರೆವಿನ ರೋಗವಿರುವ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯರ ತೋಳಿನ ಮೇಲೆ ಮಾಡಿದ ಸಣ್ಣ ಗಾಯ, ಅದೇ ವಯಸ್ಸಿನ ಇತರರಿಗಿಂತ ಸರಾಸರಿ 9 ದಿನ ತಡವಾಗಿ ಮಾಯಿತು ಎಂದು ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸರ ದಣಿವನ್ನು ನಾವು ಮನಸ್ಸಿನ ಮಾತೆಂದು ತಳ್ಳಿಹಾಕುತ್ತೇವಲ್ಲ, ಅದು ಚರ್ಮದ ಮೇಲೆ ಅಳತೆಗೆ ಸಿಕ್ಕಿದೆ.

ಈಗ ಫ್ಯುಸೇರಿಯಂ. ನಂಜನಗೂಡು ರಸಬಾಳೆಗೆ ಹೆಸರಾದ ಊರು ದೇವರಸನಹಳ್ಳಿ. ಭೌಗೋಳಿಕ ಸೂಚಿ ಪಡೆದ ಆ ಹಣ್ಣನ್ನು ಅದರ ಹುಟ್ಟೂರಿನಲ್ಲೇ ಅಪರೂಪವಾಗಿಸಿದ್ದು ಪನಾಮ ಸೊರಗು ರೋಗ. ಮಣ್ಣಿನಲ್ಲಿರುವ ಇದೇ ಕುಲದ ಇನ್ನೊಂದು ಶಿಲೀಂಧ್ರ ಬೇರಿನ ಗಾಯಗಳಿಂದ ಒಳಹೊಕ್ಕು ನೀರಿನ ನಾಳಗಳಲ್ಲಿ ಏರುತ್ತದೆ. ತಡೆಯಬಲ್ಲ ಬಾಳೆ ಅದನ್ನು ಬೇಗ ಗುರುತಿಸಿ, ನಾಳಗಳನ್ನು ಅಲ್ಲಲ್ಲೇ ಅಂಟಿನಿಂದ, ಉಬ್ಬಿದ ಕೋಶಗಳಿಂದ ಮುಚ್ಚಿಬಿಡುತ್ತದೆ. ರಸಬಾಳೆಯೂ ಮುಚ್ಚುತ್ತದೆ, ತಡವಾಗಿ. ಅಷ್ಟರಲ್ಲಿ ಶಿಲೀಂಧ್ರ ಮುಂದೆ ಹೋಗಿರುತ್ತದೆ. ಎಲೆಗಳು ಅಂಚಿನಿಂದ ಹಳದಿಯಾಗಿ ಜೋತುಬೀಳುತ್ತವೆ, ದಿಂಡು ಸೀಳುತ್ತದೆ.

ಸೈಟೊಕೈನಿನ್ ಇಲ್ಲಿ ಮಾಡಬಹುದಾದದ್ದನ್ನು ಮಾಡಿದೆ. ಸೀಸೆಯಲ್ಲಿ ಬೆಳೆದ ಸಸಿಗಳು ರೋಗವಿಲ್ಲದೆ ಶುಚಿಯಾಗಿ ಬರುತ್ತವೆ. ಆದರೆ ಅವು ಕಾಲಿಡುವುದು ಅದೇ ಮಣ್ಣಿಗೆ, ಶಿಲೀಂಧ್ರ ದಶಕಗಟ್ಟಲೆ ಮಲಗಿ ಕಾಯಬಲ್ಲ ಮಣ್ಣಿಗೆ. ಎಷ್ಟು ಲಕ್ಷ ಸಸಿ ಮಾಡಿದರೂ ಅವೆಲ್ಲ ಒಂದೇ ಗಿಡ, ಏಕೆಂದರೆ ಈ ಬಾಳೆಗೆ ಬೀಜವಿಲ್ಲ. ಕಂದಿನಿಂದ ಕಂದು ಬರುತ್ತದೆ, ಅಜ್ಜಿಗೆ ಗೊತ್ತಿಲ್ಲದ ಉತ್ತರ ಮೊಮ್ಮಗಳಿಗೂ ಗೊತ್ತಿಲ್ಲ. ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಒಪ್ಪಿಗೆ ಪಡೆದ ಕ್ಯೂಕ್ಯಾಟ್-4 ಎಂಬ ಕ್ಯಾವೆಂಡಿಶ್ ಬಾಳೆಗೆ ಕಾಡುಬಾಳೆಯ ಒಂದು ಜೀನ್ ಸೇರಿಸಿದ್ದಾರೆ. ಅದು ಬೆಳವಣಿಗೆ ಹೆಚ್ಚಿಸುವ ಜೀನ್ ಅಲ್ಲ, ರೋಗ ತಡೆಯುವ ಬಳಗದ್ದು. ರಸಬಾಳೆಗೆ ಅಂಥದ್ದು ಬರುವವರೆಗೆ ಗೊಬ್ಬರದಂಗಡಿಯ ಟಾನಿಕ್‌ಗಳು ಏನನ್ನು ಮಾಡಲಾರವೋ ಅದನ್ನು ನೀರು ಕೊಂಚ ಮಟ್ಟಿಗೆ ಮಾಡುತ್ತದೆ: ರೋಗ ಬಿದ್ದ ತೋಟದಲ್ಲಿ ಬಾಳೆ ನಿಲ್ಲಿಸಿ, ಕೆಲವು ವರ್ಷ ಭತ್ತ ಹಾಕಿ ನೀರು ಕಟ್ಟಿದರೆ ಶಿಲೀಂಧ್ರ ಪೂರ್ತಿ ಹೋಗದಿದ್ದರೂ ತಗ್ಗುತ್ತದೆ. ಕಬಿನಿ (ಕಪಿಲೆ) ನಾಲೆಯ ನೀರು ಹರಿಯುವ ಕಡೆ ಇದು ಆಗುವ ಕೆಲಸ. ಆ ವರ್ಷಗಳಲ್ಲಿ ರೈತರಿಗೆ ಸಿಗುವುದು ಭತ್ತದ ದರ, ರಸಬಾಳೆಯ ದರವಲ್ಲ. ಸಸಿಗೆ ಸಹಾಯಧನ ಕೊಡುವ ಇಲಾಖೆ ಈ ವ್ಯತ್ಯಾಸಕ್ಕೂ ಕೊಡಬೇಕು ಎಂದು ದೇವರಸನಹಳ್ಳಿಯ ಪರವಾಗಿ ಕೇಳುತ್ತೇನೆ.